ಗಾಜಿಗೆ ಅಂಟಿಕೊಂಡವರ ಪರವಾಗಿ

"ಹೋದದ್ದು ಹೋಯ್ತು, ಚೆಲ್ಲಿಬಿಡು ತಾಯಿ. ಇನ್ನೆಷ್ಟು ದಿನ ಹೆಣ ಕಾಯ್ತೀಯ?"

ಬೆಳಕು ಹರಿಯುವ ಹೊತ್ತಿಗೇ ಪ್ರಯೋಗಾಲಯಕ್ಕೆ ಬಂದ ಮುಖ್ಯಸ್ಥರ ಮಾತಿದು. ಇಲ್ಲಿ ಎಲ್ಲರೂ 'ಲೆಕ್ಕದಕ್ಕ' ಎಂದೇ ಕರೆಯುವ ಸಂಶೋಧಕಿ ಜಾಡಿಯಿಂದ ಕಣ್ಣು ಕೀಳುವುದಿಲ್ಲ. ಮೊನ್ನೆಯವರೆಗೂ ಬ್ಯಾಕ್ಟೀರಿಯಾ ತುಂಬಿ ಕದಡಿದ್ದ ದ್ರವ, ಅದರೊಳಕ್ಕೆ ವೈರಸ್ಸು ಬಿಟ್ಟ ಮೇಲೆ ತಿಳಿಯಾಗಿ ಕೂತಿದೆ. ಇವತ್ತು ಜಾಡಿ ತೊಳೆದು ಇನ್ನೊಬ್ಬರ ಪ್ರಯೋಗಕ್ಕೆ ಕೊಡಬೇಕಂತೆ.

"ತಿಳಿಯಾದ ಮಾತ್ರಕ್ಕೆ ಎಲ್ಲಾ ಸತ್ವು ಅಂತಲ್ಲ ಸಾರ್. ತಿನ್ನೋಕೆ ಯಾರೂ ಸಿಗದಿದ್ರೆ ವೈರಸ್ಸಿಗೂ ಉಪವಾಸಾನೇ. ಗಾಜಿಗೆ ಅಂಟ್ಕೊಂಡು ನಾಲ್ಕು ಬ್ಯಾಕ್ಟೀರಿಯಾ ಉಳಿದಿದ್ರೂ ಮತ್ತೆ ಸಂಸಾರ ಹೂಡ್ತಾವೆ."

ಬ್ಯಾಕ್ಟೀರಿಯಾವೂ ಅದನ್ನು ತಿನ್ನುವ ವೈರಸ್ಸೂ ಒಂದೇ ನೀರಿನಲ್ಲಿ ಹೇಗೆ ಬಾಳುತ್ತವೆ ಎಂಬುದನ್ನು ಸಮೀಕರಣದಲ್ಲಿ ಹಿಡಿಯುವುದು ಲೆಕ್ಕದಕ್ಕನ ಕೆಲಸ. ಕೆಲಸವೇನೋ ದೊಡ್ಡದು, ನೌಕರಿ ಮಾತ್ರ ವರ್ಷವರ್ಷ ನವೀಕರಿಸಿಕೊಳ್ಳುವಂಥದ್ದು. ಪ್ರಬಂಧದ ತಲೆಯ ಮೇಲೆ ಬೇರೆಯವರ ಹೆಸರು. ಇವರಿಗೆ ಕೊನೆಯಲ್ಲೊಂದು ಧನ್ಯವಾದ. ಮನೆ ಸೈಕಲ್ ರಿಪೇರಿ ಅಂಗಡಿಯ ಮಹಡಿಯಲ್ಲಿ. ಕೆಳಗೆ ಸುತ್ತಿಗೆ ಬಡಿಯುತ್ತಿದ್ದರೆ ಮೇಲೆ ಇವರು ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ ಗೀಚುತ್ತಾರೆ. ಅಕ್ಕಪಕ್ಕದವರಿಗೆಲ್ಲ ತಾಯಿ ಹೇಳುವುದು, "ನಮ್ಮ ಮಗಳು ನೆಗಡಿ ಡಾಕ್ಟ್ರು."

"'ಅಮ್ಮಾ, ಈ ವೈರಸ್ಸು ನಮ್ಮ ಮೂಗಿನ ತಂಟೆಗೇ ಬರಲ್ಲ' ಅಂದ್ರೆ, 'ಹಾಗಾದ್ರೆ ಅವುಗಳ ಉಸಾಬರಿ ನಿನಗ್ಯಾಕೆ?' ಅಂತಾಳೆ," ಎಂದು ನಗುತ್ತಾರೆ ಲೆಕ್ಕದಕ್ಕ.

ಮುಖ್ಯಸ್ಥರಿಗೆ ನಗು ಬರುವುದಿಲ್ಲ. "ಒಂದೂ ಉಳಿಯಲ್ಲ ಅಂತ ನಿನ್ನ ಹಳೇ ಸಮೀಕರಣಾನೇ ಹೇಳುತ್ತಲ್ಲ?"

ಅದೂ ನಿಜವೇ. ಆಗ ದ್ರವವೆಲ್ಲ ಒಂದೇ ಸಮ ಬೆರೆತಿದೆ ಎಂದುಕೊಂಡು ಬರೆದಿದ್ದರು. ಆ ಲೆಕ್ಕದ ಜಾಡಿಗೆ ಗೋಡೆಯೇ ಇರಲಿಲ್ಲ!

"ಹೌದು, ಗೋಡೆ ಮರೆತಿದ್ದೆ. ಅದಕ್ಕೆ ಅಂಟ್ಕೊಂಡವು ವೈರಸ್ಸಿನ ಕೈಗೆ ಸಿಗಲ್ಲ. ಬರೆದೋಳು ನಾನು, ತಿದ್ದೋಳೂ ನಾನೇ. ಅದಕ್ಕೂ ಅಪ್ಪಣೆ ಬೇಕಾ?"

"ಇದೇ ಹಟ ಮಾಡಿದ್ರೆ ಮುಂದಿನ ವರ್ಷದ ಆದೇಶಕ್ಕೆ ಸಹಿ ಹಾಕೋದು ಕಷ್ಟ ಆಗುತ್ತೆ ನೋಡು."

ಲೆಕ್ಕದಕ್ಕ ಎದ್ದು ಜಾಡಿಗೆ ಅಡ್ಡ ನಿಲ್ಲುತ್ತಾರೆ.

"ಹಾಕ್ಬೇಡಿ ಬಿಡಿ. ಆದ್ರೆ ಇದನ್ನ ತೊಳೆದುಬಿಟ್ರೆ ನಾನು ಸರಿಯೋ ತಪ್ಪೋ ನನಗೇ ಗೊತ್ತಾಗಲ್ಲ. ತಪ್ಪು ಅಂತಾದ್ರೆ ನಾನೇ ಉಜ್ಜಿ ತೊಳೆದು ಕೊಡ್ತೀನಿ. ಅಲ್ಲೀವರೆಗೂ ಯಾರೂ ಮುಟ್ಟೋ ಹಾಗಿಲ್ಲ, ನೀವೂನೂ."

"ಉಳಿದಿದ್ರೆ ಯಾವಾಗ ಕಾಣಿಸ್ಕೋಬೇಕು, ನಿನ್ನ ಹೊಸ ಲೆಕ್ಕದ ಪ್ರಕಾರ?"

"ಇವತ್ತೋ ನಾಳೆಯೋ ನೀರು ಮತ್ತೆ ಕದಡ್ಬೇಕು."

ಅಷ್ಟರಲ್ಲಿ ಜಾಡಿ ತೊಳೆಯುವಾಕೆ ಖಾಲಿ ಬಕೆಟ್ಟು ತಂದು ಬಾಗಿಲಲ್ಲಿ ನಿಲ್ಲುತ್ತಾಳೆ. ಮುಖ್ಯಸ್ಥರು ಅದನ್ನು ಈಸಿಕೊಳ್ಳುತ್ತಾರೆ, ಜಾಡಿಯನ್ನೊಮ್ಮೆ ದಿಟ್ಟಿಸುತ್ತಾರೆ. ಆಮೇಲೆ ಬಕೆಟ್ಟನ್ನು ನೆಲಕ್ಕೆ ಬೋರಲು ಹಾಕಿ, ಜಾಡಿಯ ಎದುರು ಅದರ ಮೇಲೆಯೇ ಕೂರುತ್ತಾರೆ.