ಹೆಸರು ನುಂಗಬಾರದು

ಈ ಡಿಸೆಂಬರಿನ ಒಂದು ಬೆಳಿಗ್ಗೆ ಚರ್ಚಿನ ಪೂಜೆಯಲ್ಲಿ ಪಾದ್ರಿಗಳು ಯೇಸುವಿನ ವಂಶಾವಳಿ ಓದಲು ತೊಡಗಿದ್ದೇ ತಡ, ನನಗೆ ಆಕಳಿಕೆ ಬಂತು. ಆ ಪುಟ ಓದಿದ್ದರೆ ನೀವು ನನ್ನನ್ನು ಬೈಯಲಾರಿರಿ. ಇಂಥವನಿಗೆ ಇಂಥವನು ಹುಟ್ಟಿದ, ಅವನಿಗೆ ಮತ್ತೊಬ್ಬ ಹುಟ್ಟಿದ, ಮುಗಿಯುವುದೇ ಇಲ್ಲ. ಆಕಳಿಕೆ ಪಕ್ಕದವರಿಗೂ ಅಂಟಿತು. ನನಗೆ ಮಾತ್ರ ಅಜ್ಜಿ ಗದರಿದಂತಾಗಿ ಬೆನ್ನು ನೆಟ್ಟಗಾಯಿತು.

ನಾನು ಚಿಕ್ಕವಳಿದ್ದಾಗ ಹ್ಯಾಂಡ್‌ಪೋಸ್ಟ್ ಊರಿನ ನಮ್ಮ ಮನೆಯಲ್ಲಿ ಸಂಜೆ ಜಪಸರದ ಪ್ರಾರ್ಥನೆ ಮುಗಿದ ಮೇಲೆ ಬೈಬಲ್ ಓದುವುದು ನನ್ನ ಪಾಲಿನ ಕೆಲಸ. ಹಸಿವಿನ ಹೊತ್ತು, ಹುರುಳಿ ಸಾರಿನ ಘಮಕ್ಕೆ ಅರ್ಧ ಇಸ್ರಯೇಲಿನ ಹೆಸರುಗಳನ್ನೇ ಹಾರಿಸಿಬಿಡುತ್ತಿದ್ದೆ. ಅಪ್ಪನ ತಾಯಿ, ನಮ್ಮಜ್ಜಿ, ಬಿಡುತ್ತಿರಲಿಲ್ಲ.

"ಎಸ್ರು ನುಂಗ್‌ಬ್ಯಾಡ ಕಣಮ್ಮೀ. ಸತ್ತೋರ್ಗೆ ನಾವು ಕೊಡೋದು ಇನ್ನೇನೈತೆ?"

ಆಮೇಲೆ ರಾಯಪ್ಪ, ಜ್ಞಾನಮ್ಮ, ಚೌರಪ್ಪ ಎಂದು ಮನೆಯ ಸತ್ತವರನ್ನೆಲ್ಲ ಹೆಸರು ಹಿಡಿದು ಕರೆದು, ಒಬ್ಬೊಬ್ಬರಿಗೂ ನಿತ್ಯ ವಿಶ್ರಾಂತಿ ಬೇಡುವಳು.

ಅವ್ವ ಭೇರ್ಯದ ಕಡೆಯ ಶಿವಭಕ್ತರ ಮಗಳು, ಅಪ್ಪನನ್ನು ಮೆಚ್ಚಿ ಚರ್ಚಿಗೆ ಬಂದವಳು. ಅವಳ ತಂದೆ ಮಾದಪ್ಪ ಸಾಯುವವರೆಗೂ ನಮ್ಮ ಹೊಸ್ತಿಲು ತುಳಿಯಲಿಲ್ಲ. ಅವರು ತೀರಿಕೊಂಡ ವರ್ಷ ಅವ್ವ ಧೈರ್ಯ ಮಾಡಿ ಕೇಳಿದಳು: "ಅತ್ತೆ, ನಮ್ಮಪ್ಪಾರ ಎಸ್ರೂ ಸೇರಿಸ್ತೀರಾ?"

"ಅವ್ರ್ದು ಬ್ಯಾರೆ ದೇವ್ರಲ್ವೇನವ್ವಾ," ಎಂದಳು ಅಜ್ಜಿ. ಕೆಟ್ಟ ಮನಸ್ಸಿನಿಂದಲ್ಲ; ಅವಳಿಗೂ ದಾರಿ ತಿಳಿದಿರಲಿಲ್ಲ. ಅಂದಿನಿಂದ ಸತ್ತವರ ಹೆಸರು ಶುರುವಾಗುವ ಹೊತ್ತಿಗೆ ಅವ್ವ ಒಲೆ ನೋಡುವ ನೆಪದಲ್ಲಿ ಎದ್ದು ಹೋಗುವಳು.

ಕ್ರಿಸ್‌ಮಸ್ ಹತ್ತಿರ ಬಂದಾಗ ಓದಲು ಇದೇ ವಂಶಾವಳಿ ಬಂತು. ರೂತಳ ಹೆಸರು ಬರುತ್ತಲೇ ಅಜ್ಜಿ ತಡೆದಳು.

"ಅತ್ತೆ ಜತೇಲಿ ಬಂದ್ಳಲ್ಲ, ಆ ಬ್ಯಾರೆ ಜನದ ಸೊಸೆ, ಅವ್ಳೇಯಾ?"

"ಊಂ ಅಜ್ಜಿ."

"ಅವ್ಳಪ್ಪನ ಎಸ್ರು?"

"ಬರ್ದಿಲ್ಲ."

"ಯಾಕೆ, ಅವ್ಳ್ಗೆ ಅಪ್ಪ ಇರ್ನಿಲ್ವಾ?"

ಪಾದ್ರಿಗಳನ್ನೇ ಕೇಳಬೇಕಾದ ಪ್ರಶ್ನೆ. ನಾನು ಮುಂದಕ್ಕೆ ಓದಿ ಮುಗಿಸಿದೆ. ಅವ್ವ ಏಳುತ್ತಿದ್ದಂತೆ ಅಜ್ಜಿ ಅವಳ ಸೆರಗು ಹಿಡಿದಳು.

"ಕೂತ್ಕೊಳವ್ವಾ. ಯೇಸಪ್ಪನೇ ಆ ಸೊಸೆ ವಂಶ್ದಲ್ಲಿ ಉಟ್ಟವ್ನೆ. ನಿಮ್ಮಪ್ಪನ್ನ ತಡ್ಯಾಕೆ ನಾನ್ಯಾರು?"

ಅಂದು ಚೌರಪ್ಪನ ಬೆನ್ನಿಗೇ ಮಾದಪ್ಪ ಬಂದರು. ಬದುಕಿದ್ದಾಗ ಹೊಸ್ತಿಲು ದಾಟದ ತಾತ! ಅವ್ವ ಆಮೆನ್ ಎನ್ನಲಾಗದೆ ಅತ್ತಳು. ಸಾರು ತಳ ಹಿಡಿಯಿತು. ಎಲ್ಲರೂ ಅದನ್ನೇ ಬಡಿಸಿಕೊಂಡು ಉಂಡೆವು.

ಆ ಪುಟದಲ್ಲಿ ಹೊರಗಿನವರಿದ್ದಾರೆ, ಹೆಸರು ಕೆಡಿಸಿಕೊಂಡವರಿದ್ದಾರೆ. ದೇವರು ಅವರನ್ನೆಲ್ಲ ನನ್ನವರು ಎಂದುಬಿಟ್ಟಿದ್ದಾನೆ. ಅದಕ್ಕೇ ನನಗೆ ಅದರ ಮೇಲೆ ಅಷ್ಟು ಪ್ರೀತಿ, ಆಕಳಿಕೆ ಬಂದರೂ.

ಅಜ್ಜಿ, ಅವ್ವ ಇಬ್ಬರೂ ಈಗ ನಾನು ಕರೆಯುವ ಹೆಸರುಗಳ ಸಾಲಿನಲ್ಲಿದ್ದಾರೆ. ಆಕಳಿಸಿದ ಆ ಬೆಳಗಿನ ಪೂಜೆ ಮುಗಿದ ಮೇಲೆ ಅವರಿಗೂ ಮಾದಪ್ಪ ತಾತನಿಗೂ ನಿತ್ಯ ವಿಶ್ರಾಂತಿ ಬೇಡಿ ಎದ್ದೆ. ಇನ್ನೊಬ್ಬರು ಉಳಿದರಲ್ಲ ಎನ್ನಿಸಿ ಮತ್ತೆ ಮೊಣಕಾಲೂರಿದೆ. ಹೆಸರು ಗೊತ್ತಿಲ್ಲ, ರೂತಳ ಅಪ್ಪ ಎಂದಷ್ಟೇ ಹೇಳಿದೆ.