ಹಂದಿಯ ಅಧ್ಯಾಯ ದಾಟಿದ ನಾಯ್ ಲಂಬೋಕ್

ನನ್ನ ಅತ್ತಿಗೆಯಷ್ಟು ಚೆನ್ನಾಗಿ ಹಂದಿ ಸುಟ್ಟು ಮಾರುವವರು ಸರೋವರದ ದಡದ ನಮ್ಮ ಲಾಗುಬೋತಿ ಊರಿನ ಸಂತೆಯಲ್ಲಿ ಇನ್ನೊಬ್ಬರಿಲ್ಲ. ಅವಳಷ್ಟು ಕೆಟ್ಟದಾಗಿ ಬೈಬಲ್ ಓದುವವರೂ ಒಂದು ಕಾಲದಲ್ಲಿ ಇರಲಿಲ್ಲ. ಮಗ ಲಂಬೋಕ್ ಹುಟ್ಟಿದ ಮೇಲೆ ಊರು ಅವಳನ್ನು ನಾಯ್ ಲಂಬೋಕ್, ಅಂದರೆ ಲಂಬೋಕನ ತಾಯಿ ಎಂದೇ ಕರೆಯುತ್ತದೆ. ಹೆತ್ತವರಿಟ್ಟ ಹೆಸರು ಅವಳಿಗೇ ಮರೆತಿದ್ದರೂ ಆಶ್ಚರ್ಯವಿಲ್ಲ. ದಪ್ಪ ತೋಳು, ದೊಡ್ಡ ದನಿ, ಮೂಗಿನ ತುದಿಯಲ್ಲಿ ಸಿಟ್ಟು. ಸಿಟ್ಟಿನ ವಿಷಯದಲ್ಲಿ ನಾನೂ ಕಡಿಮೆಯವಳಲ್ಲ, ಹಾಗಾಗಿ ನಮಗೆ ಹೊಂದುತ್ತದೆ.

ಅವಳ ಗಂಡ, ನನ್ನ ಅಣ್ಣ ಬಿನ್ಸಾರ್, ಸರೋವರದಲ್ಲಿ ದೋಣಿ ಮಗುಚಿ ಸತ್ತ. ನಮ್ಮಲ್ಲಿ ಸಾವಾದರೆ ಹೆಂಗಸರು ಹೆಣದ ಪಕ್ಕ ಕೂತು ಸತ್ತವನನ್ನು ಕರೆಕರೆದು ಹಾಡಿ ಅಳುತ್ತಾರೆ. ಅತ್ತಿಗೆ ಹಾಡಿ ಅತ್ತಳು, ನಾನೂ ದನಿಗೂಡಿಸಿದೆ. ಹೆತ್ತ ಅಮ್ಮ ಮಾತ್ರ ಗೋಡೆಗೊರಗಿ ಕೂತವಳು ತುಟಿ ಬಿಚ್ಚಲಿಲ್ಲ, ಕಣ್ಣೂ ಒದ್ದೆಯಾಗಲಿಲ್ಲ. ಕಲ್ಲು ಮುದುಕಿ ಎಂದು ಊರು ಆಡಿಕೊಂಡಿತು. ಅತ್ತಿಗೆಯೂ ಅದನ್ನು ಮನಸ್ಸಿಗೆ ಹಚ್ಚಿಕೊಂಡಳು. ಅಂದಿನಿಂದ ಅತ್ತೆ ಸೊಸೆ ಒಂದೇ ಸೂರಿನಡಿ ಇದ್ದರೂ, ಉಪ್ಪು ಹೆಚ್ಚಾಯಿತು, ಕಡಿಮೆಯಾಯಿತು ಎನ್ನುವುದನ್ನು ಬಿಟ್ಟರೆ ಮಾತೇ ಇರಲಿಲ್ಲ. ನನಗೆ ಇಬ್ಬರ ಮೇಲೂ ಪ್ರೀತಿ, ಇಬ್ಬರ ಮೇಲೂ ಕೋಪ.

ನಮ್ಮಲ್ಲಿ ಹೊಸ ವರ್ಷ ಬಂದಾಗ ಮನೆಮಂದಿಯೆಲ್ಲ ಚಾಪೆಯ ಮೇಲೆ ಕೂತು ಒಬ್ಬೊಬ್ಬರಾಗಿ ಮನಸ್ಸಿನ ಮಾತು ಹೇಳಬೇಕು. ಆ ಸಲ ಅಮ್ಮನ ಸರದಿ ಬಂತು.

"ಹುಟ್ಟಿದಾಗಿಂದ ಚರ್ಚಿಗೆ ಹೋಗ್ತಾ ಇದೀನಿ. ಅಲ್ಲೊಂದು ಚೂರು, ಇಲ್ಲೊಂದು ಚೂರು ಕೇಳಿದ್ದಷ್ಟೇ. ಮೊದಲಿಂದ ಕೊನೇವರ್ಗೂ ಓದಿ ಹೇಳ್ತೀನಿ ಅಂತ ಬಿನ್ಸಾರ್ ಮಾತು ಕೊಟ್ಟಿದ್ದ. ನಂಗೆ ಅಕ್ಷರ ಬರಲ್ಲ. ಸಾಯೋದ್ರೊಳಗೆ ಪೂರ್ತಿ ಕೇಳ್ಬೇಕು."

ನಾನು ಓದುತ್ತೇನೆ ಎಂದೆ. "ನೀನು ಬೇಡ ಮಾರಾಯ್ತಿ, ಬಸ್ಸು ತಪ್ಪಿಹೋಗೋ ಥರ ಓದ್ತೀಯ" ಅಂದಳು ಅಮ್ಮ.

ಅತ್ತಿಗೆ ತಲೆಯೆತ್ತದೆ ಹೇಳಿದಳು: "ಅವ್ರು ಕೊಟ್ಟ ಮಾತು. ನಾನೇ ಓದ್ತೀನಿ."

ಶುರುವೇನೋ ಜೋರಾಗಿತ್ತು. ದಿನವಿಡೀ ದುಡಿದು, ಊಟವಾದ ಮೇಲೆ ರಾಶಿ ರಾಶಿ ಅಧ್ಯಾಯ ಒಂದೇ ಉಸಿರಿಗೆ ಓದಲು ಕೂರುತ್ತಿದ್ದಳು. ನೋಹನ ನಾವೆ ಇನ್ನೂ ನೀರಿನಲ್ಲಿರುವಾಗಲೇ ಓದುವವಳಿಗೆ ಗೊರಕೆ. ಹೇಗೋ ಕುಂಟುತ್ತ ಯಾಜಕಕಾಂಡ ಮುಟ್ಟಿದಳು. ಯಾವ ಪ್ರಾಣಿ ತಿನ್ನಬಹುದು, ಯಾವುದು ಬಾರದು ಎನ್ನುವ ಅಧ್ಯಾಯ. ಹಂದಿ ಅಶುದ್ಧ, ಅದರ ಹೆಣ ಮುಟ್ಟಲೂ ಬಾರದು ಎಂದು ಬಂದದ್ದೇ ತಡ, ಪುಸ್ತಕ ಧಡ್ಡನೆ ಮುಚ್ಚಿದಳು.

"ನನ್ ಮಗನ್ನ ಓದಿಸಿದ್ದೇ ಈ ಹಂದಿ! ಭಾನುವಾರ ಚರ್ಚ್ ಮುಗಿಸ್ಕೊಂಡು ಸೀದಾ ನನ್ನಂಗಡಿ ಮುಂದೆ ಸಾಲು ನಿಲ್ತಾರಲ್ಲ, ಹೋಗಿ ಅವ್ರಿಗೆ ಓದಿ ಹೇಳಿ ಇದನ್ನ!"

ಮರುವರ್ಷ ಮತ್ತೆ ಆದಿಕಾಂಡದಿಂದ ಹಿಡಿದಳು, ಮತ್ತೆ ಅಲ್ಲೇ ನಿಂತಳು. "ನಾಯ್ ಲಂಬೋಕ್, ಹಂದಿ ದಾಟಿದ್ಯಾ?" ಎಂದು ಸಂತೆಯವರು ರೇಗಿಸತೊಡಗಿದರು. ಅಮ್ಮ ದಿನದಿಂದ ದಿನಕ್ಕೆ ಸೊರಗುತ್ತಿದ್ದಳು. ಅದನ್ನು ಕಂಡಾಗಲೆಲ್ಲ ಪುಸ್ತಕ ಮುಚ್ಚಿಟ್ಟ ಅತ್ತಿಗೆಯ ಮೇಲೆ ನನಗೆ ಸಿಟ್ಟು ಬರುತ್ತಿತ್ತು.

ಒಂದು ದಿನ ಚರ್ಚಿನ ಬೋಧಕರು ಅಂಗಡಿಗೆ ಊಟಕ್ಕೆ ಬಂದರು. ಅತ್ತಿಗೆ ತಟ್ಟೆಯಿಟ್ಟವಳೇ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಬೋಧಕರೇ, ಅಶುದ್ಧ ತಿಂತಾ ಇದೀರ, ಗೊತ್ತಾ?"

ಅವರು ಬೆರಳು ಚೀಪುತ್ತ, "ಅದೇ ಪುಸ್ತಕದಲ್ಲಿ ಮುಂದೆ ಹೋದ್ರೆ ಹಂದಿಗೂ ಅಶುದ್ಧದಿಂದ ಬಿಡುಗಡೆ ಇದೆಯಮ್ಮಾ" ಅಂದರು.

"ಯಾವ ಪುಟ?"

"ಹೇಳಲ್ಲ. ಒಂದೊಂದೇ ಪುಟ ನಡ್ಕೊಂಡೇ ಹೋಗಿ. ನಿದ್ದೆಗಣ್ಣಲ್ಲಿ ಓದ್ಬೇಡಿ. ಬೆಳಿಗ್ಗೆ ಮಾಂಸ ಕೆಂಡದ ಮೇಲಿರೋವಾಗ ಹೇಗೂ ಅಲ್ಲಾಡದೆ ಕೂತಿರ್ತೀರಲ್ಲ, ಆಗ ಒಂದೇ ಒಂದು ಅಧ್ಯಾಯ. ಸಿಟ್ಟು ಬಂದ್ರೆ ದೇವರ ಹತ್ರಾನೇ ಜಗಳ ಆಡಿ. ಪುಸ್ತಕ ಮಾತ್ರ ಮುಚ್ಬೇಡಿ."

ಜಗಳ ಆಡಬಹುದು ಎಂದದ್ದು ಅವಳಿಗೆ ಹಿಡಿಸಿತು. ಮರುದಿನದಿಂದ ಒಲೆಯ ಪಕ್ಕ ಅಮ್ಮನಿಗೊಂದು ಬೆಂಚು. ನಾನು ಈರುಳ್ಳಿ ಸುಲಿಯುವುದು, ಅತ್ತಿಗೆ ಒಂದು ಕೈಯಲ್ಲಿ ಮಾಂಸ ತಿರುಗಿಸುತ್ತ ಇನ್ನೊಂದರಲ್ಲಿ ಪುಸ್ತಕ ಹಿಡಿದು ಓದುವುದು, ಗಿರಾಕಿಗಳು ಕಾಯುವುದು. ಅವಸರ ಮಾಡಿದವನಿಗೆ, "ನಿನ್ ಹೊಟ್ಟೆ ಮೋಶೆಗಿಂತ ದೊಡ್ಡದೇನೋ?" ಎಂದು ಗದರುತ್ತಿದ್ದಳು. ಹಂದಿಯ ಅಧ್ಯಾಯವನ್ನು ಹಲ್ಲು ಕಚ್ಚಿಕೊಂಡು ಓದಿ, ಮುಗಿಸಿದವಳೇ ಆಕಾಶ ನೋಡಿ ಏನೇನೋ ಗೊಣಗಿಕೊಂಡಳು.

ಇಂಥವನ ಮಗ ಇಂಥವನು ಎನ್ನುವ ಉದ್ದುದ್ದದ ಹೆಸರುಗಳು ಬಂದಾಗ ನಾನು ಆಕಳಿಸಿದರೆ ಅಮ್ಮ ಕಿವಿ ನಿಮಿರಿಸುತ್ತಿದ್ದಳು. ಹೊಸಬನನ್ನು ಕಂಡರೆ ಮೊದಲು ವಂಶ ಕೇಳುವ ಜನ ನಾವು, ವಂಶಾವಳಿ ಬಿಟ್ಟುಕೊಡುತ್ತೇವೆಯೇ? "ತಡಿ, ಅವ್ನು ಯಾರ ಮನೆಯವ್ನು? ಇನ್ನೊಂದ್ಸಲ ಓದು" ಎನ್ನುತ್ತಿದ್ದಳು. ಗಂಡ ಸತ್ತರೂ ಅತ್ತೆಯ ಜೊತೆಗೇ ನಿಂತ ರೂತಳ ಕಥೆ ಬಂದಾಗಲಂತೂ ಬಿಡಲಿಲ್ಲ.

"ನೋಡಿದ್ಯಾ, ಸೊಸೆ ಅಂದ್ರೆ ಹಾಗಿರ್ಬೇಕು."

"ಆ ಅತ್ತೆ ಒಂದಿನಾನೂ ಉಪ್ಪಿಗೆ ಹೆಸರಿಟ್ಟಿಲ್ಲ, ಇನಾಂಗ್" ಅಂದಳು ಅತ್ತಿಗೆ. ಅತ್ತೆಯನ್ನು ಅವಳು ಕರೆಯುವುದು ಹಾಗೆ. ಅಮ್ಮ ನಕ್ಕಳು. ಆ ಮನೆಯಲ್ಲಿ ನಗು ಕೇಳಿ ಎಷ್ಟೋ ಕಾಲವಾಗಿತ್ತು.

ರಾಜ ದಾವೀದನ ಮಗ ಅಬ್ಷಾಲೋಮ ಅಪ್ಪನ ಮೇಲೆಯೇ ಯುದ್ಧಕ್ಕೆ ಹೊರಟ ಭಾಗಕ್ಕೆ ಬಂದಿದ್ದರು. ಅಷ್ಟರಲ್ಲಿ ಅಮ್ಮನಿಗೆ ಎದೆ ಕಟ್ಟಿ ಜ್ವರ ಬಂತು. ಮಂಚವನ್ನೇ ಅಂಗಡಿಗೆ, ಒಲೆಯ ಹತ್ತಿರ ತಂದೆವು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಹೆಚ್ಚು ದಿನವಿಲ್ಲ ಎಂದರು. ಪುಸ್ತಕ ಅರ್ಧವೂ ಆಗಿರಲಿಲ್ಲ.

"ಇನ್ನು ಸಾಲಾಗಿ ಓದ್ತಾ ಕೂತ್ರೆ ಆಗಲ್ಲ ಅತ್ತಿಗೆ. ಕೊನೆ ಓದು, ಕೇಳ್ಕೊಂಡು ಹೋಗ್ಲಿ" ಎಂದೆ.

ಅತ್ತಿಗೆ ಕಣ್ಣೊರೆಸಿಕೊಂಡು ಬೈಬಲಿನ ಕಟ್ಟಕಡೆಯ ಭಾಗವಾದ ಪ್ರಕಟನೆಯ ಕೊನೆಯ ಪುಟಗಳನ್ನು ತೆಗೆದಳು. ಸಾವೇ ಇಲ್ಲದ ಪಟ್ಟಣ, ದೀಪವೇ ಬೇಡದ ಬೆಳಕು, ದೇವರು ತಾನೇ ಕೂತು ಜನರ ಕಣ್ಣೀರು ಒರೆಸುವುದು. ಅಮ್ಮ ಕಣ್ಣು ಮುಚ್ಚಿ ಕೇಳಿದಳು. ಓದು ಅಲ್ಲಿಗೆ ಮುಗಿಯಿತೆಂದುಕೊಂಡೆ.

"ಸರಿ. ಕೊನೆಗೆ ಎಲ್ಲಾ ಚೆನ್ನಾಗೇ ಆಗತ್ತೆ. ಹೆದರಿಕೆಯಿಲ್ಲ" ಅಂದಳು. ಆಮೇಲೆ ಕಣ್ಣು ಬಿಟ್ಟು, "ಅದ್ಸರಿ, ದಾವೀದನ ಮಗ ಏನಾದ? ನಾಳೆ ಅದನ್ನ ಓದು."

ಮರುದಿನ ಬೆಳಿಗ್ಗೆ ಅತ್ತಿಗೆ ಬಿಟ್ಟಲ್ಲಿಂದ ಹಿಡಿದಳು. ಮಗನನ್ನು ಮಾತ್ರ ಮೃದುವಾಗಿ ನೋಡಿಕೊಳ್ಳಿ ಎಂದು ರಾಜ ಸೈನಿಕರಿಗೆ ಹೇಳಿದ. ಅವರು ಕೇಳಲಿಲ್ಲ. ಸುದ್ದಿ ಹೊತ್ತ ಆಳು ಊರಬಾಗಿಲಿಗೆ ಓಡಿಬಂದ. ಅಲ್ಲಿ ಅತ್ತಿಗೆಯ ದನಿ ನಿಂತಿತು. ಮುಂದಿನ ಸಾಲು ಅವಳ ಕಣ್ಣಿಗೆ ಬಿದ್ದಿತ್ತು. ನನ್ನತ್ತ ನೋಡಿದಳು. ಬಿಟ್ಟುಬಿಡು ಎಂದು ಕೈಸನ್ನೆ ಮಾಡಿದೆ.

"ಯಾಕೆ ನಿಂತೆ? ಓದು" ಅಂದಳು ಅಮ್ಮ.

ಅತ್ತಿಗೆ ಓದಿದಳು. ರಾಜ ಮೇಲಿನ ಕೋಣೆಗೆ ಹತ್ತುತ್ತ, ಮಗನ ಹೆಸರು ಕೂಗಿ ಕೂಗಿ, ನಿನ್ನ ಬದಲು ನಾನು ಸತ್ತಿದ್ದರೆ ಆಗುತ್ತಿತ್ತಲ್ಲ ಎಂದು ಅತ್ತ.

ಅಮ್ಮ ಮೊಣಕೈಯೂರಿ ಮಂಚದಲ್ಲಿ ಅರ್ಧ ಎದ್ದಳು.

"ರಾಜನೂ ಅತ್ನಾ? ಎಲ್ಲರಿಗೂ ಕೇಳೋ ಹಾಗೆ?"

"ಹೂಂ, ಇನಾಂಗ್."

"ಬಿನ್ಸಾರ್ ಹೋದಾಗ ನೀನು ನೆಲಕ್ಕೆ ಬಿದ್ದು ಹೊರಳಾಡ್ತಿದ್ದೆ. ಮನೇಲಿ ಒಬ್ರಾದ್ರೂ ನೆಟ್ಟಗಿರ್ಬೇಕಲ್ಲ ಅಂತ ನುಂಗ್ಕೊಂಡೆ ಕಣೇ. ಆಮೇಲೆ ಅಳೋಣ ಅಂದ್ರೆ ಬರ್ಲೇ ಇಲ್ಲ."

ಹಾಗೆಂದವಳ ಗಂಟಲಿನಿಂದ ಮೊದಲು ಕೆಮ್ಮು ಬಂತು, ಆಮೇಲೆ ಹಾಡು ಬಂತು. ನಮ್ಮ ಹಳೆಯ ಅಳುವ ಹಾಡು. ನನ್ನ ಬಿನ್ಸಾರ್, ನನ್ನ ಕಂದ, ತಣ್ಣೀರಿಗೆ ನಾನು ಹೋಗಬೇಕಿತ್ತು, ನೀನು ಯಾಕೆ ಹೋದೆ ಎಂದು ಕರೆಕರೆದು ಅತ್ತಳು. ಅಂಗಡಿಯ ಮುಂದೆ ಕಾಯುತ್ತಿದ್ದವರು ಟೋಪಿ ತೆಗೆದು ನಿಂತರು. ಮಾಂಸ ಕರಕಲಾಗುತ್ತಿತ್ತು, ಯಾರೂ ಏಳಲಿಲ್ಲ. ನಾನು ಬಿಟ್ಟುಬಿಡು ಎಂದಿದ್ದ ಪುಟ ಅದು. ಅತ್ತಿಗೆ ಮಂಚ ಹತ್ತಿ ಅಮ್ಮನ ತಲೆಯನ್ನು ಎದೆಗೊತ್ತಿಕೊಂಡಳು. ಅಮ್ಮನಿಗೆ ಉಸಿರು ಸಾಲದೆ ನಿಂತ ಕಡೆಯಲ್ಲೆಲ್ಲ ಅತ್ತಿಗೆ ಹಾಡನ್ನು ಮುಂದುವರಿಸಿದಳು.