ಮಡಿಲಕ್ಕಿ ಬೇಡವೆಂದ ಮಗಳು

ಗಂಡನ ಮನೆಯಲ್ಲಿ ಕಷ್ಟ ಎಂದು ಹೆಣ್ಣುಮಗಳು ಬಾಯಿಬಿಟ್ಟರೆ ನಮ್ಮ ಹಾಸನದ ಕಡೆ ಎರಡೇ ಪ್ರಶ್ನೆ. ಹೊಡೀತಾನಾ? ಕುಡೀತಾನಾ? ಎರಡಕ್ಕೂ ‘ಇಲ್ಲ’ ಎಂದಳೋ, ಕೇಸ್ ಕ್ಲೋಸ್. ಮಡಿಲು ತುಂಬಿ ಕಳಿಸಿಬಿಡುತ್ತೇವೆ.

ನನ್ನ ದೊಡ್ಡಮ್ಮನ ಮಗಳು ಸುಮಾ ಎರಡಕ್ಕೂ ಇಲ್ಲ ಎಂದವಳೇ. ಅವಳನ್ನು ಚನ್ನರಾಯಪಟ್ಟಣಕ್ಕೆ ಕೊಟ್ಟಿದೆ. ಗಂಡ ಟೀ ಕೂಡ ಮುಟ್ಟುವುದಿಲ್ಲ. ಹೆಂಡತಿ ಬಸ್ ಹತ್ತಿದರೆ ವಿಡಿಯೊ ಕಾಲ್, ಇಳಿದರೆ ವಿಡಿಯೊ ಕಾಲ್. ಎಷ್ಟು ಕೇರ್ ತಗೋತಾನೆ ನೋಡಿ ಎಂದು ನಾವೆಲ್ಲ ಹೊಗಳಿದ್ದೇ ಹೊಗಳಿದ್ದು. (ಪಕ್ಕದ ಸೀಟಿನಲ್ಲಿ ಯಾರಿದ್ದಾರೆ ತೋರಿಸು ಎನ್ನುತ್ತಾನೆಂದು ನಮಗೇನು ಗೊತ್ತು?)

ಮೊನ್ನೆ ಅರಕಲಗೂಡಿನ ಹತ್ತಿರ ಇರುವ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಸುಮಾ ಬಂದಿದ್ದಳು. ಕರೆದೊಯ್ಯಲು ಬಂದ ಗಂಡ ಊಟ ಮುಗಿಸಿ, ಹೊರಗೆ ಕಾರಿನಲ್ಲಿ ಕೂತು ಹಾರ್ನ್ ಹೊಡೆಯುತ್ತಿದ್ದ. ದೊಡ್ಡಮ್ಮ ಮೊರದಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ, ರವಿಕೆ ಕಣ ಇಟ್ಟುಕೊಂಡು ದೇವರ ಮುಂದೆ ನಿಂತರು. ನಿಮಗೆ ಗೊತ್ತಲ್ಲ, ಮಡಿಲಕ್ಕಿ ತುಂಬಿದ ಮೇಲೆ ಮಗಳು ತೌರಿನಲ್ಲಿ ಉಳಿಯುವಂತಿಲ್ಲ.

“ಸೆರಗೊಡ್ಡವ್ವ.”

ಸುಮಾ ಒಡ್ಡಲಿಲ್ಲ. “ತುಂಬ್ಬೇಡ ಕಣವ್ವ. ತುಂಬುದ್ರೆ ಓಗ್ಲೇಬೇಕಾಯ್ತದೆ.”

“ಯಾಕವ್ವ ಅಂಗಂತೀಯ? ಒಡುದ್ನಾ?”

“ಇಲ್ಲ. ಆಚೆಗ್ ಓಗೋವಾಗ ಬಾಗ್ಲಿಗೆ ಬೀಗ ಆಕ್ಕಂಡ್ ಓಯ್ತಾನೆ. ನಾನ್ ಒಳ್ಗೇ ಇರ್ತೀನಿ.”

ಹೊರಗಿನಿಂದ ಇನ್ನೊಂದು ಹಾರ್ನ್. ಸುಮಾ ಬೆಚ್ಚಿಬಿದ್ದಳು. ಅದನ್ನು ದೊಡ್ಡಮ್ಮ ನೋಡಿದರು. ಮೊರ ಒಳಗೆ ಒಯ್ದು ಅಕ್ಕಿಯನ್ನು ಡಬ್ಬಕ್ಕೆ ವಾಪಸ್ ಸುರಿದರು. ಬಾಗಿಲಿಗೆ ಹೋಗಿ, “ಅವ್ಳು ಬರಾಕಿಲ್ಲ ಅಳಿಯಂದ್ರೆ, ನೀವು ಓಗ್ಬನ್ನಿ” ಎಂದರು. ದೊಡ್ಡಮ್ಮನ ಮೇಲೆ ನನಗೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ಅವನು ಕೂಗಾಡಲಿಲ್ಲ. ನಾಳೆ ನಾಲ್ಕು ಜನ ಹಿರಿಯರನ್ನು ಕರ್ಕೊಂಡು ಬರ್ತೀನಿ ಎಂದು ಹೇಳಿ ಹೊರಟ.

ಹಿರಿಯರು ಬಂದರೆ ಏನಾಗುತ್ತದೆ? ಜಗುಲಿ ಮೇಲೆ ಪಂಚಾಯ್ತಿ, ಕಾಫಿ, ‘ಹೊಂದ್ಕೊಂಡು ಹೋಗವ್ವ’ ಎಂಬ ತೀರ್ಪು. ಸುಮಾ ಮತ್ತೆ ಅದೇ ಬೀಗದ ಒಳಗೆ. ಅದಕ್ಕೇ ಬೆಳಿಗ್ಗೆ ಅವರು ಬರುವ ಮುಂಚೆಯೇ ಅವಳನ್ನು ಹಾಸನದ ಮಹಿಳಾ ಸಹಾಯ ಕೇಂದ್ರಕ್ಕೆ ಕರೆದೊಯ್ದೆ. (ಅಂಥದ್ದೊಂದು ಇದೆ, ದುಡ್ಡು ಕೇಳುವುದಿಲ್ಲ ಎಂಬುದೇ ಬಹಳ ಜನಕ್ಕೆ ಗೊತ್ತಿಲ್ಲ. ಸಹಾಯವಾಣಿಗೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.)

ಅಲ್ಲಿದ್ದ ಆಪ್ತಸಮಾಲೋಚಕಿ ಹೊಡೆತದ ಸುದ್ದಿಯನ್ನೇ ಎತ್ತಲಿಲ್ಲ. “ಅವರು ಮನೆಗೆ ಬಂದ ಸದ್ದು ಕೇಳಿದ್ರೆ ನಿಮಗೆ ಏನನ್ಸುತ್ತೆ?” ಎಂದು ಕೇಳಿದರು.

ಸುಮಾ ಬಹಳ ಹೊತ್ತು ಅತ್ತಳು. ಆಮೇಲೆ, “ಎದ್ರಿಕೆ ಆಯ್ತದೆ ಮೇಡಂ” ಎಂದಳು.

“ಇದೂ ದೌರ್ಜನ್ಯವೇ. ಕೈ ಎತ್ತಲೇಬೇಕು ಅಂತೇನಿಲ್ಲ. ಕಾನೂನೂ ಹಾಗೇ ಹೇಳುತ್ತೆ” ಎಂದ ಅವರು, ಉಚಿತವಾಗಿ ವಕೀಲರನ್ನೂ ಗೊತ್ತುಮಾಡಿಕೊಟ್ಟರು. ಸುಮಾ ಈಗ ತೌರಿನಲ್ಲಿದ್ದಾಳೆ. ಮುಂದೇನು ಎಂಬುದನ್ನು ಅವಳೇ ತೀರ್ಮಾನಿಸುತ್ತಾಳೆ, ಅವಸರವಿಲ್ಲ.

ಗಂಡು ಗೊತ್ತುಮಾಡುವಾಗ ನಾಲ್ಕೂರು ಅಲೆದು ಅವನ ಜಾತಕ, ಜಮೀನು, ನಡತೆ ಎಲ್ಲಾ ವಿಚಾರಿಸುತ್ತೇವೆ. ಮದುವೆಯಾದ ಮೇಲೆ ಮಗಳನ್ನು ಪಕ್ಕಕ್ಕೆ ಕರೆದು, ‘ಅವನ್ನ ಕಂಡ್ರೆ ನಿನಗೆ ಭಯಾನಾ?’ ಅಂತ ಕೇಳೋಕೆ ನಮಗೇನು ರೋಗ?